ನಾಲ್ಕು ಜನರ ಮುಂದೆ ವ್ಯಾಯಾಮ ಮಾಡಲು ಸಂಕೋಚವೇ? ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಶೂ ಕೊಂಡು ತಿಂಗಳಾಗಿದೆ, ವೈದ್ಯರೂ ಹೇಳಿದ್ದಾರೆ, ಮನಸ್ಸೂ ಇದೆ; ಆದರೆ ಬೀದಿಯ ಜನ ನೋಡುತ್ತಾರೆಂಬ ಒಂದೇ ಕಾರಣಕ್ಕೆ ಹೊಸ್ತಿಲು ದಾಟಲಾಗದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಉದ್ಯಾನ, ಕೆರೆ ಏರಿ, ಕಾಲೇಜು ಮೈದಾನ ಅಥವಾ ಜಿಮ್‌ನಲ್ಲಿ ಮೊದಲ ಬಾರಿಗೆ ವ್ಯಾಯಾಮ ಆರಂಭಿಸುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಯಾವ ವ್ಯಾಯಾಮ ಒಳ್ಳೆಯದು ಎಂಬ ಚರ್ಚೆಗೆ ಇಲ್ಲಿ ಹೆಚ್ಚು ಜಾಗವಿಲ್ಲ. ಸಂಕೋಚವೇ ಇಲ್ಲಿನ ವಿಷಯ.

ಈ ಅಳುಕು ನನಗೊಬ್ಬರಿಗೇ ಇರುವುದೇ?

ಖಂಡಿತ ಇಲ್ಲ. ತನ್ನ ಮೈಕಟ್ಟನ್ನು ಇತರರು ಅಳೆದು ನೋಡುತ್ತಿದ್ದಾರೆಂಬ ಕಳವಳವನ್ನು ಗುರುತಿಸಲೆಂದೇ ಹಾರ್ಟ್, ಲಿಯರಿ ಮತ್ತು ರೆಜೆಸ್ಕಿ ಎಂಬ ಸಂಶೋಧಕರು 1989ರಲ್ಲಿ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಅಂದಿನಿಂದ ವ್ಯಾಯಾಮ ಮನೋವಿಜ್ಞಾನದಲ್ಲಿ ಅದು ಬಳಕೆಯಲ್ಲಿದೆ. ಇಂಗ್ಲೆಂಡಿನಲ್ಲಿ ಮಹಿಳೆಯರು ಕ್ರೀಡೆ ಮತ್ತು ವ್ಯಾಯಾಮದಿಂದ ದೂರ ಉಳಿಯಲು ಇತರರ ಟೀಕೆಯ ಭಯವೇ ದೊಡ್ಡ ಕಾರಣವೆಂದು ಕಂಡುಕೊಂಡ ಅಲ್ಲಿನ ಕ್ರೀಡಾ ಸಂಸ್ಥೆ 2015ರಲ್ಲಿ ಅದರ ವಿರುದ್ಧವೇ ಒಂದು ರಾಷ್ಟ್ರೀಯ ಪ್ರಚಾರಾಂದೋಲನವನ್ನು ನಡೆಸಿತು.

ನಮ್ಮ ನಾಡಿನಲ್ಲಿ ಈ ಸಂಕೋಚಕ್ಕೆ ಇನ್ನೊಂದು ಪದರವೂ ಇದೆ. ಕಸರತ್ತಿಗೆ ನಮ್ಮಲ್ಲಿ ಇದ್ದ ಜಾಗ ಗರಡಿಮನೆ. ಅದಕ್ಕೆ ಗೋಡೆಯಿತ್ತು, ಉಸ್ತಾದರಿದ್ದರು, ಒಳಗೆ ಹೋಗುತ್ತಿದ್ದವರು ಹೆಚ್ಚಾಗಿ ಹುಡುಗರು ಮತ್ತು ಗಂಡಸರು. ಉಳಿದವರ ಮೈಗೆ ಹೊಲ, ಬಾವಿ, ಒರಳು, ಬೀಸುಕಲ್ಲು ಸಾಕಷ್ಟು ಕೆಲಸ ಕೊಡುತ್ತಿದ್ದವು. ಹೀಗಾಗಿ ಎಲ್ಲಿಗೂ ಹೋಗುವುದಿಲ್ಲದೆ ಬೀದಿಯಲ್ಲಿ ಬಿರಬಿರನೆ ನಡೆಯುವುದು, ಬೆವರು ಸುರಿಸಿಕೊಂಡು ಹೋದ ಜಾಗಕ್ಕೇ ಮರಳುವುದು ನಮ್ಮ ಕಣ್ಣಿಗೆ ತೀರ ಇತ್ತೀಚಿನವರೆಗೂ ಹೊಸದು. ಕೆಲಸದ ನಡಿಗೆಗೆ ಯಾರೂ ನಾಚುವುದಿಲ್ಲ, ಕೆಲಸವಿಲ್ಲದ ನಡಿಗೆಗೆ ಸಮಜಾಯಿಷಿ ಕೊಡಬೇಕಾಗುತ್ತದೆ. ಇದು ನಿಮ್ಮ ಸ್ವಭಾವದ ದೋಷವಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. 2024ರಲ್ಲಿ ಲ್ಯಾನ್ಸೆಟ್ ಸಮೂಹದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಮಹಿಳೆಯರಲ್ಲಿ ಆ ಪ್ರಮಾಣ ಶೇಕಡ 57, ಪುರುಷರಲ್ಲಿ ಶೇಕಡ 42. ಈ ಅಂತರಕ್ಕೆ ಬಿಡುವಿಲ್ಲದ ಮನೆಗೆಲಸ ಒಂದು ಕಾರಣವಾದರೆ, ಬೀದಿಯ ಕಣ್ಣುಗಳೂ ಒಂದು ಕಾರಣವೆಂದೇ ನನ್ನ ನಂಬಿಕೆ.

ಎಲ್ಲರೂ ನಿಜವಾಗಿಯೂ ನನ್ನನ್ನೇ ನೋಡುತ್ತಾರೆಯೇ?

ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಜನ ನೋಡುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹಾಕಿಕೊಳ್ಳಲು ಮುಜುಗರವಾಗುವಂಥ ಗಾಯಕನೊಬ್ಬನ ಚಿತ್ರವಿದ್ದ ಟಿ-ಶರ್ಟನ್ನು ವಿದ್ಯಾರ್ಥಿಗಳಿಗೆ ತೊಡಿಸಿ, ಇತರರು ಕುಳಿತಿದ್ದ ಕೋಣೆಯೊಳಕ್ಕೆ ಕಳುಹಿಸಲಾಯಿತು. ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಮ್ಮ ಅಂಗಿಯನ್ನು ಗಮನಿಸಿರುತ್ತಾರೆಂದು ತೊಟ್ಟವರು ಊಹಿಸಿದರು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲು ಭಾಗ ಮಾತ್ರ. ನಮ್ಮ ಬಗ್ಗೆ ನಮಗಿರುವ ಅರಿವು ಅತಿ ಗಾಢವಾಗಿರುವುದರಿಂದ ಇತರರಿಗೂ ಅಷ್ಟೇ ಅರಿವಿದೆಯೆಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ.

ಆದರೂ ಈ ಪ್ರಯೋಗವನ್ನು ಹೇಳಿ ನಿಮ್ಮ ಅನುಭವವನ್ನು ತಳ್ಳಿಹಾಕುವುದು ಪ್ರಾಮಾಣಿಕವಾಗಲಾರದು. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಗ್ಗೆ ಓಡುವ ಹೊಸಬರನ್ನು ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಎಷ್ಟು ನಿಜವೋ, ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನ ಬಸ್ ನಿಲ್ದಾಣದ ಮುಂದೆ ಮೊದಲ ದಿನ ಟ್ರ್ಯಾಕ್ ಪ್ಯಾಂಟಿನಲ್ಲಿ ನಡೆದು ಹೋದವರನ್ನು ಚಹಾ ಅಂಗಡಿಯ ಮುಂದಿನವರು ನೋಡಿಯೇ ನೋಡುತ್ತಾರೆ ಎಂಬುದೂ ಅಷ್ಟೇ ನಿಜ. ಅಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುವುದು ರೂಢಿ. ಹೊಸದನ್ನು ನೋಡುವುದು ಕಣ್ಣಿನ ಸ್ವಭಾವ. ಅದೇ ಮನುಷ್ಯ, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ದಿನವೂ ಬಂದರೆ ಎರಡು ಮೂರು ವಾರಗಳಲ್ಲಿ ಅವರು ಹಾಲಿನವರ ಹಾಗೆ, ಪೇಪರ್ ಹಾಕುವ ಹುಡುಗನ ಹಾಗೆ ಬೆಳಗಿನ ಒಂದು ಭಾಗವಾಗಿಬಿಡುತ್ತಾರೆ. ಆದ್ದರಿಂದ ಚಿಕ್ಕ ಊರುಗಳಲ್ಲಿ ದಿನಕ್ಕೊಂದು ದಾರಿ ಬದಲಿಸುವುದಕ್ಕಿಂತ ಒಂದೇ ದಾರಿಗೆ ಅಂಟಿಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಸರಿಯಾಗಿ ಮಾಡುವ ವ್ಯಾಯಾಮ ಪಾರ್ಕಿನಲ್ಲಿ ತಪ್ಪಿಹೋಗುವುದೇಕೆ?

ಇದಕ್ಕೆ ನೂರು ವರ್ಷಕ್ಕೂ ಮೀರಿದ ಸಂಶೋಧನೆಯ ಹಿನ್ನೆಲೆಯಿದೆ. ಒಬ್ಬರೇ ಗಡಿಯಾರದೊಂದಿಗೆ ಪೈಪೋಟಿ ನಡೆಸುವ ಸೈಕಲ್ ಸವಾರರಿಗಿಂತ ಜೊತೆಗಾರರಿರುವ ಸವಾರರು ವೇಗವಾಗಿ ಹೋಗುತ್ತಾರೆಂದು ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಬರೆದಿದ್ದರು. ಆದರೆ ನೋಡುವವರಿದ್ದಾಗ ಕೆಲವರ ಕೆಲಸ ಕೆಡುವುದೂ ಕಂಡುಬಂದಿತ್ತು. ಈ ಎರಡನ್ನೂ 1965ರಲ್ಲಿ ರಾಬರ್ಟ್ ಜಯಾನ್ಸ್ ಒಂದೇ ಸೂತ್ರದಲ್ಲಿ ಪೋಣಿಸಿದರು: ಇತರರ ಇರವು ಮೈಮನಸ್ಸನ್ನು ಉದ್ರೇಕಿಸುತ್ತದೆ, ಆ ಉದ್ರೇಕ ಚೆನ್ನಾಗಿ ರೂಢಿಯಾದ ಕೆಲಸವನ್ನು ಉತ್ತಮಗೊಳಿಸುತ್ತದೆ, ಇನ್ನೂ ಕಲಿಯುತ್ತಿರುವ ಕೆಲಸವನ್ನು ಕೆಡಿಸುತ್ತದೆ. 1969ರಲ್ಲಿ ಅವರೂ ಅವರ ಸಂಗಡಿಗರೂ ಜಿರಲೆಗಳ ಮೇಲೆ ನಡೆಸಿದ ಪ್ರಯೋಗದಲ್ಲೂ, ಬೇರೆ ಜಿರಲೆಗಳು ನೋಡುವಂತಿದ್ದಾಗ ಅವು ನೇರ ದಾರಿಯಲ್ಲಿ ಬೇಗ ಓಡಿದವು, ತಿರುವಿನ ದಾರಿಯಲ್ಲಿ ತಡವರಿಸಿದವು. ಜಿರಲೆಗೆ ಮಾನ ಮರ್ಯಾದೆಯ ಚಿಂತೆ ಇರಲಾರದು. ಅಂದಮೇಲೆ ಈ ತಡವರಿಕೆಗೆ ನಿಮ್ಮ ಹೇಡಿತನ ಕಾರಣವೆಂದು ಭಾವಿಸಬೇಕಾಗಿಲ್ಲ.

ಇದರಿಂದ ಒಂದು ಒಳ್ಳೆಯ ಉಪಾಯ ಸಿಗುತ್ತದೆ. ಕಲಿಯಬೇಕಾದ ಚಲನೆಯನ್ನು, ಅದು ಸೂರ್ಯನಮಸ್ಕಾರವಿರಲಿ, ಬಸ್ಕಿಯಿರಲಿ, ದಂಡವಿರಲಿ, ಮೊದಲು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕಲಿಯಿರಿ. ಹೊರಗೆ ಮಾತ್ರ ಕಣ್ಣು ಮುಚ್ಚಿಯೂ ಮಾಡಬಲ್ಲಷ್ಟು ರೂಢಿಯಾದುದನ್ನು ಮಾಡಿರಿ. ನಡಿಗೆಯಿಂದ ಆರಂಭಿಸುವುದು ಸುಲಭವೆನಿಸುವುದಕ್ಕೆ ಇದೇ ಕಾರಣ. ಅದನ್ನು ನಾವು ಒಂದು ವರ್ಷದ ವಯಸ್ಸಿನಿಂದ ಅಭ್ಯಾಸ ಮಾಡಿದ್ದೇವೆ, ಆದ್ದರಿಂದ ಯಾರು ನೋಡಿದರೂ ಅದು ತಪ್ಪಿಹೋಗುವುದಿಲ್ಲ.

ಮೊದಲು ಮನೆಯಲ್ಲಿ ತೂಕ ಇಳಿಸಿಕೊಂಡು, ಆಮೇಲೆ ಹೊರಗೆ ಹೋದರಾಗದೇ?

ಈ ಪ್ರಶ್ನೆಯನ್ನು ಕೇಳುವವರು ಬಹಳ. ಇದರ ಹಿಂದಿರುವ ನೋವನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ದಪ್ಪಗಿರುವವರ ಮೈಯ ಬಗ್ಗೆ ನಮ್ಮ ಸಮಾರಂಭಗಳಲ್ಲಿ, ಮನೆಗಳಲ್ಲಿ, ಶಾಲೆಗಳಲ್ಲಿ ಆಡುವ ಮಾತು ತಮಾಷೆಯೆಂದು ಕರೆಸಿಕೊಂಡರೂ ಗಾಯವನ್ನೇ ಮಾಡುತ್ತದೆ. ಆದರೂ ಉತ್ತರ ಸ್ಪಷ್ಟವಾಗಿದೆ: ಕಾಯಬೇಡಿ.

ಮೊದಲನೆಯದಾಗಿ, ವ್ಯಾಯಾಮದ ಲಾಭಗಳಲ್ಲಿ ತೂಕದ ಇಳಿಕೆ ಒಂದು ಮಾತ್ರ, ಅದೂ ನಿಧಾನದ್ದು ಮತ್ತು ಆಹಾರವನ್ನು ಬಹುವಾಗಿ ಅವಲಂಬಿಸಿದ್ದು. ರಕ್ತದೊತ್ತಡ, ರಕ್ತದ ಸಕ್ಕರೆ, ನಿದ್ರೆ, ಮನಸ್ಸಿನ ಉಲ್ಲಾಸ ಇವು ತೂಕದ ಮುಳ್ಳು ಅಲುಗಾಡುವ ಮೊದಲೇ ಸುಧಾರಿಸಬಲ್ಲವು. ಎರಡನೆಯದಾಗಿ, ಸಂಕೋಚ ತೂಕದೊಂದಿಗೆ ತಾನಾಗಿ ಇಳಿಯುವುದಿಲ್ಲ. ತೀರ ತೆಳ್ಳಗಿರುವ ಹುಡುಗರು ತಮ್ಮ ಕಡ್ಡಿಯಂಥ ತೋಳು ಕಾಣುತ್ತದೆಂದು ಜಿಮ್‌ಗೆ ಹೋಗಲು ನಾಚುತ್ತಾರೆ. ಮೈ ಚೆನ್ನಾಗಿರುವವರು ಓಟದ ಶೈಲಿ ಸರಿಯಿಲ್ಲವೆಂದು ನಾಚುತ್ತಾರೆ. ಯಾವ ಮೈಯನ್ನು ಕೊಟ್ಟರೂ ಅಳುಕು ಅದರಲ್ಲಿ ಒಂದು ಕೊರತೆಯನ್ನು ಹುಡುಕಿಕೊಳ್ಳುತ್ತದೆ. ಸಂಕೋಚವನ್ನು ಕರಗಿಸುವುದು ಮತ್ತೆ ಮತ್ತೆ ಹೊರಗೆ ಹೋಗಿ ಏನೂ ಆಗಲಿಲ್ಲವೆಂದು ಮೈಗೆ ತಿಳಿಯುವುದು ಮಾತ್ರ, ಮತ್ತು ಆ ತಿಳಿವಳಿಕೆ ಮನೆಯೊಳಗೆ ಸಿಗುವಂಥದ್ದಲ್ಲ.

ಹಾಗಿದ್ದರೆ ಮೊದಲ ಕೆಲವು ವಾರ ಏನು ಮಾಡಬೇಕು?

ಭಯದ ಚಿಕಿತ್ಸೆಯಲ್ಲಿ ಜೋಸೆಫ್ ವೋಲ್ಪೆ 1950ರ ದಶಕದಿಂದ ಬಳಕೆಗೆ ತಂದ ಕ್ರಮವೊಂದಿದೆ: ಹೆದರಿಕೆಯನ್ನು ಕಡಿಮೆಯಿಂದ ಹೆಚ್ಚಿನವರೆಗೆ ಮೆಟ್ಟಿಲುಗಳಾಗಿ ಜೋಡಿಸಿ, ಕೆಳಗಿನ ಮೆಟ್ಟಿಲು ಸಲೀಸಾದ ಮೇಲೆಯೇ ಮೇಲಿನದಕ್ಕೆ ಕಾಲಿಡುವುದು. ವ್ಯಾಯಾಮದ ಸಂಕೋಚಕ್ಕೆ ಅದನ್ನು ಹೀಗೆ ಒಗ್ಗಿಸಿಕೊಳ್ಳಬಹುದು. ಮೊದಲು ನೀವು ಆರಿಸಿಕೊಂಡ ಜಾಗಕ್ಕೆ ದಿನನಿತ್ಯದ ಬಟ್ಟೆಯಲ್ಲೇ ಹೋಗಿ ಕಲ್ಲುಬೆಂಚಿನ ಮೇಲೆ ಹತ್ತು ಹದಿನೈದು ನಿಮಿಷ ಕುಳಿತು ಬನ್ನಿ. ಅಲ್ಲಿ ಯಾರು ಯಾರು ಬರುತ್ತಾರೆ, ಎಷ್ಟು ಜನ ನಿಜವಾಗಿ ಬೇರೆಯವರನ್ನು ನೋಡುತ್ತಿದ್ದಾರೆ ಎಂದು ಗಮನಿಸಿ. ಹೆಚ್ಚಿನವರು ಫೋನಿನಲ್ಲಿ, ಹರಟೆಯಲ್ಲಿ ಅಥವಾ ತಮ್ಮ ಮಂಡಿನೋವಿನ ಚಿಂತೆಯಲ್ಲಿ ಮುಳುಗಿರುವುದು ನಿಮ್ಮ ಕಣ್ಣಿಗೇ ಬೀಳುತ್ತದೆ. ಮುಂದಿನ ಬಾರಿ ಅದೇ ಜಾಗದಲ್ಲಿ ಸಾಧಾರಣ ವೇಗದಲ್ಲಿ ಒಂದೆರಡು ಸುತ್ತು ನಡೆಯಿರಿ. ಅದು ಒಗ್ಗಿದ ಮೇಲೆ ವ್ಯಾಯಾಮದ ಬಟ್ಟೆ, ಆಮೇಲೆ ಬಿರುಸಿನ ನಡಿಗೆ, ಆಮೇಲೆ ಒಂದು ವಿದ್ಯುತ್ ಕಂಬದಿಂದ ಇನ್ನೊಂದು ಕಂಬದವರೆಗಿನ ಓಟ.

ಇಲ್ಲಿ ಒಂದು ನಿಯಮ ಮುಖ್ಯ. ಅಳುಕು ಉಕ್ಕಿ ಬಂದ ಕ್ಷಣದಲ್ಲೇ ಮನೆಗೆ ಓಡಿ ಬರಬೇಡಿ. ಹಾಗೆ ಬಂದಾಗ ಸಿಗುವ ನೆಮ್ಮದಿ, ಓಡಿ ಬಂದದ್ದರಿಂದಲೇ ಪಾರಾದೆನೆಂಬ ಪಾಠವನ್ನು ಮನಸ್ಸಿಗೆ ಕಲಿಸುತ್ತದೆ. ವೇಗ ತಗ್ಗಿಸಿ, ಬೇಕಾದರೆ ಕುಳಿತುಕೊಳ್ಳಿ, ಆದರೆ ಎದೆಬಡಿತ ತಾನಾಗಿ ತಹಬಂದಿಗೆ ಬರುವವರೆಗೂ ಅಲ್ಲೇ ಇರಿ. ಈ ಒಂದು ಅಭ್ಯಾಸ ಉಳಿದ ಹತ್ತು ಸಲಹೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಯಾವ ಜಾಗ, ಯಾವ ಹೊತ್ತು ಹೊಸಬರಿಗೆ ಒಳ್ಳೆಯದು?

ಸುತ್ತುದಾರಿ ಇರುವ, ಬೇರೆ ಬೇರೆ ವಯಸ್ಸಿನವರು ಬರುವ ಜಾಗ. ಮೈಸೂರಿನ ಕುಕ್ಕರಹಳ್ಳಿ ಕೆರೆ, ದಾವಣಗೆರೆಯ ಕುಂದುವಾಡ ಕೆರೆ, ಹುಬ್ಬಳ್ಳಿಯ ಉಣಕಲ್ ಕೆರೆ, ಬೆಂಗಳೂರಿನ ಲಾಲ್‌ಬಾಗ್ ಅಥವಾ ಸ್ಯಾಂಕಿ ಕೆರೆ ಇಂಥವು. ಅಜ್ಜಂದಿರು, ಬಸುರಿಯರು, ಮಕ್ಕಳು, ಶಸ್ತ್ರಚಿಕಿತ್ಸೆ ಮುಗಿಸಿ ಚೇತರಿಸಿಕೊಳ್ಳುತ್ತಿರುವವರು ಎಲ್ಲರೂ ತಮ್ಮ ತಮ್ಮ ವೇಗದಲ್ಲಿ ಸಾಗುವ ಕಡೆ ನಿಮ್ಮ ವೇಗವನ್ನು ಯಾರೂ ಅಳೆಯುವುದಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳಲ್ಲೂ ಇದೇ ಗುಣವಿದೆ. ಹರಕೆ ಹೊತ್ತು ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾ ಏರುವವರ ನಡುವೆ ಏದುಸಿರು ಬಿಟ್ಟು ಕುಳಿತವರನ್ನು ಯಾರೂ ವಿಚಿತ್ರವಾಗಿ ಕಾಣುವುದಿಲ್ಲ. ಅದಕ್ಕೆ ಹೋಲಿಸಿದರೆ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕ್ ಹೊಸಬರಿಗೆ ಮೊದಲ ಆಯ್ಕೆಯಾಗಬಾರದು. ಅಲ್ಲಿ ಸ್ಪರ್ಧೆಗೆ ತಯಾರಾಗುವವರು ಒಳಗಿನ ಪಥಗಳಲ್ಲಿ ಓಡುತ್ತಿರುತ್ತಾರೆ, ಹೋಲಿಕೆ ತಾನಾಗಿ ಹುಟ್ಟುತ್ತದೆ. ಹೋಗಲೇಬೇಕಾದರೆ ಹೊರಗಿನ ಪಥದಲ್ಲಿ ನಡೆಯಿರಿ.

ಕತ್ತಲಲ್ಲಿ ಯಾರೂ ನೋಡುವುದಿಲ್ಲವೆಂದು ಬೆಳಗಿನ ನಾಲ್ಕೂವರೆಗೆ ನಿರ್ಜನ ರಸ್ತೆಗೆ ಇಳಿಯುವವರಿದ್ದಾರೆ. ವಾಹನಗಳ ಮತ್ತು ಬೀದಿನಾಯಿಗಳ ದೃಷ್ಟಿಯಿಂದ ಅದು ಸುರಕ್ಷಿತವಲ್ಲ. ಬೆಳಕು ಹರಿದ ಮೇಲೆ, ಜನ ಇರುವಾಗಲೇ ಹೋಗಿ.

ಐದು ನಿಮಿಷ ಓಡಿದರೆ ಏದುಸಿರು ಬರುತ್ತದೆ. ನಿಂತರೆ ಜನ ನಗುತ್ತಾರೆಂದು ಅನಿಸುತ್ತದೆ. ಏನು ಮಾಡಲಿ?

ಹೊಸಬರು ಬಹಳಷ್ಟು ಸಲ ಓಡಲಾಗದೆ ನಿಲ್ಲುವುದಿಲ್ಲ, ನೋಡುವವರಿಗಾಗಿ ತಮ್ಮ ಶಕ್ತಿಗೆ ಮೀರಿದ ವೇಗದಲ್ಲಿ ಓಡಿ ನಿಲ್ಲುತ್ತಾರೆ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಮಧ್ಯಮ ಶ್ರಮಕ್ಕೆ ಇದು ಸರಳ ಅಳತೆ. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ವೇಗ ತಗ್ಗಿಸಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಮೊದಲೇ ನಿಗದಿ ಮಾಡಿಕೊಂಡರೆ ನಡೆಯುವುದು ಸೋಲಾಗದೆ ಯೋಜನೆಯ ಭಾಗವಾಗುತ್ತದೆ. ಅಮೆರಿಕದ ಒಲಿಂಪಿಕ್ ಓಟಗಾರ ಜೆಫ್ ಗ್ಯಾಲೋವೇ 1970ರ ದಶಕದಿಂದ ಹೊಸಬರಿಗೆ ಓಟ ಮತ್ತು ನಡಿಗೆಯನ್ನು ಬೆರೆಸಿಯೇ ಕಲಿಸಿದವರು. ಆ ಕ್ರಮದಲ್ಲಿ ಮ್ಯಾರಥಾನ್ ಮುಗಿಸಿದವರೂ ಇದ್ದಾರೆ. ಹಠಾತ್ತಾಗಿ ನಿಲ್ಲುವ ಬದಲು ದಾರಿಯ ಎಡಬದಿಗೆ ಸರಿದು ನಿಧಾನವಾಗಿ ನಡೆಯಲು ತೊಡಗಿ. ಹಿಂದಿನಿಂದ ಬರುವವರಿಗೂ ಅನುಕೂಲ, ನಿಮ್ಮ ಎದೆಬಡಿತಕ್ಕೂ ಒಳ್ಳೆಯದು.

ಬಟ್ಟೆ ಹೇಗಿರಬೇಕು?

ಸಂಕೋಚ ಹೆಚ್ಚಿರುವಾಗ ಹೊಸ ಬಟ್ಟೆಯ ಮುಜುಗರವನ್ನೂ ಅದರ ಮೇಲೆ ಹೇರಿಕೊಳ್ಳಬೇಡಿ. ಸಡಿಲವಾದ ಹಳೆಯ ಟಿ-ಶರ್ಟ್ ಮತ್ತು ಪ್ಯಾಂಟ್ ಸಾಕು. ಮೈಗಂಟುವ ಬಟ್ಟೆಯನ್ನು ತೊಡಲೇಬೇಕೆಂಬ ಕಟ್ಟುಪಾಡು ಯಾವ ವ್ಯಾಯಾಮಕ್ಕೂ ಇಲ್ಲ. ಸೀರೆಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ದಿನವೂ ಐದಾರು ಕಿಲೋಮೀಟರ್ ನಡೆಯುವ ತಾಯಂದಿರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ, ಮತ್ತು ಬಟ್ಟೆಯ ವಿಷಯದಲ್ಲಿ ಹೊಸಬರಿಗೆ ಅವರಿಗಿಂತ ಒಳ್ಳೆಯ ಮಾದರಿ ಬೇಕಿಲ್ಲ. ಚೂಡಿದಾರ ತೊಡುವವರು ವೇಲನ್ನು ಎರಡೂ ಕಡೆ ಪಿನ್ ಹಾಕಿ ಅಥವಾ ಸೊಂಟಕ್ಕೆ ಕಟ್ಟಿಕೊಂಡರೆ ಕೈ ಬಿಡುವಾಗುತ್ತದೆ, ಅದನ್ನು ಸರಿಪಡಿಸಿಕೊಳ್ಳುತ್ತಲೇ ಇರಬೇಕಾದ ಕಿರಿಕಿರಿಯೂ ತಪ್ಪುತ್ತದೆ.

ಹಣ ಖರ್ಚು ಮಾಡಬೇಕಾದ ವಸ್ತುಗಳು ಎರಡೇ: ಕಾಲಿಗೆ ಸರಿಹೊಂದುವ ಶೂ, ಮತ್ತು ಓಡುವ ಮಹಿಳೆಯರಿಗೆ ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ. ಎರಡನೆಯದನ್ನು ಹೇಳಲು ನಾಚಿ ಬಿಟ್ಟುಬಿಡುವುದರಿಂದ ಎಷ್ಟೋ ಹೆಣ್ಣುಮಕ್ಕಳು ಎದೆನೋವು ಮತ್ತು ಮುಜುಗರ ಎರಡನ್ನೂ ಅನುಭವಿಸಿ ಓಟವನ್ನೇ ಕೈಬಿಡುತ್ತಾರೆ. ಈ ಮಾತನ್ನು ಅಮ್ಮಂದಿರು, ಅಕ್ಕಂದಿರು, ಶಾಲೆಯ ದೈಹಿಕ ಶಿಕ್ಷಕಿಯರು ಹುಡುಗಿಯರಿಗೆ ನೇರವಾಗಿ ಹೇಳಬೇಕು.

ಪರಿಚಯದವರು ಸಿಕ್ಕಿ “ಏನು, ಶುಗರ್ ಬಂತಾ?” ಎಂದು ಕೇಳಿದರೆ?

ನಮ್ಮಲ್ಲಿ ವ್ಯಾಯಾಮಕ್ಕೆ ಕಾಯಿಲೆಯೊಂದು ಪರವಾನಗಿಯಿದ್ದಂತೆ. ವೈದ್ಯರು ಹೇಳಿದ್ದಾರೆ ಎಂದರೆ ಎಲ್ಲರೂ ಒಪ್ಪುತ್ತಾರೆ, ಸುಮ್ಮನೆ ಬಂದೆ ಎಂದರೆ ಹುಬ್ಬೇರಿಸುತ್ತಾರೆ. ಇದಕ್ಕೆ ಇನ್ನೊಂದು ಒಪ್ಪಿತ ಕಾರಣವೆಂದರೆ ನೌಕರಿ: ಪೊಲೀಸ್ ಅಥವಾ ಸೇನಾ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರು ಹಳ್ಳಿಯ ರಸ್ತೆಗಳಲ್ಲಿ ಮುಂಜಾನೆ ಓಡಿದರೆ ಯಾರೂ ನಗುವುದಿಲ್ಲ. ಕಾಯಿಲೆಯೂ ನೌಕರಿಯೂ ಇಲ್ಲದವರು ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು. “ಇಲ್ಲ ಅಣ್ಣ, ಬರಬಾರದು ಅಂತಲೇ ನಡೀತಿದ್ದೀನಿ, ನೀವೂ ಬನ್ನಿ” ಎಂದು ನಗುಮುಖದಿಂದ ಹೇಳಿ ಮುಂದೆ ಸಾಗಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಕೇಳಿದವರಲ್ಲಿ ಒಬ್ಬಿಬ್ಬರು ನಿಜವಾಗಿಯೂ ಜೊತೆಗೆ ಬಂದುಬಿಡುವುದೂ ಉಂಟು. “ಎಷ್ಟು ಕೆ.ಜಿ. ಇಳಿಯಿತು?” ಎಂದು ವಾರವಾರವೂ ವಿಚಾರಿಸುವವರಿಗೆ ಮಾತ್ರ ಅಂಕಿ ಹೇಳುವ ಅಭ್ಯಾಸ ಇಟ್ಟುಕೊಳ್ಳಬೇಡಿ, ಹೇಳಿದರೆ ನಿಮ್ಮ ವ್ಯಾಯಾಮ ಅವರ ಲೆಕ್ಕದ ಪುಸ್ತಕಕ್ಕೆ ಸೇರಿಬಿಡುತ್ತದೆ.

ಯಾರಾದರೂ ಚುಡಾಯಿಸಿದರೆ, ಹಿಂಬಾಲಿಸಿದರೆ?

ಇದನ್ನು ಸಂಕೋಚದ ಪ್ರಶ್ನೆಯೊಂದಿಗೆ ಬೆರೆಸಬಾರದು. ಸಂಕೋಚ ನಮ್ಮ ಮನಸ್ಸಿನ ಕೆಲಸ, ಕಿರುಕುಳ ಇನ್ನೊಬ್ಬರು ಎಸಗುವ ಅಪರಾಧ. ಅದನ್ನು ಧೈರ್ಯದಿಂದ ಸಹಿಸಿಕೊಳ್ಳಿ ಎಂದು ಯಾರಿಗೂ ಉಪದೇಶಿಸಲಾಗದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಹಿಳೆಯರಿಗೆ ಲೈಂಗಿಕ ಅರ್ಥದ ಮಾತಾಡುವುದು 75ನೆಯ ಕಲಮಿನ ಅಡಿಯಲ್ಲೂ, ಬೇಡವೆಂದರೂ ಮತ್ತೆ ಮತ್ತೆ ಹಿಂಬಾಲಿಸುವುದು 78ನೆಯ ಕಲಮಿನ ಅಡಿಯಲ್ಲೂ, ಮಾತು ಅಥವಾ ಸನ್ನೆಯಿಂದ ಮರ್ಯಾದೆಗೆ ಧಕ್ಕೆ ತರುವುದು 79ನೆಯ ಕಲಮಿನ ಅಡಿಯಲ್ಲೂ ಶಿಕ್ಷಾರ್ಹ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿ. ಪಾರ್ಕಿನ ಕಾವಲುಗಾರರಿಗೆ, ದಿನವೂ ಕಾಣುವ ಹಿರಿಯರಿಗೆ ವಿಷಯ ತಿಳಿಸಿ. ಅನುಮತಿಯಿಲ್ಲದೆ ವಿಡಿಯೊ ಮಾಡುವವರು ಕಂಡರೆ ಗಟ್ಟಿ ದನಿಯಲ್ಲಿ, ನಾಲ್ಕು ಜನರಿಗೆ ಕೇಳುವಂತೆ, ನಿಲ್ಲಿಸಲು ಹೇಳಿ. ಆ ಜಾಗವನ್ನು ತಾತ್ಕಾಲಿಕವಾಗಿ ಬದಲಿಸಬೇಕಾಗಿ ಬಂದರೆ ಅದು ಸೋಲಲ್ಲ.

ಟೋಪಿ, ಕಪ್ಪು ಕನ್ನಡಕ, ಇಯರ್‌ಫೋನ್ ಹಾಕಿಕೊಂಡರೆ ಧೈರ್ಯ ಬರುತ್ತದೆ. ಇದು ತಪ್ಪೇ?

ಆರಂಭಕ್ಕೆ ತಪ್ಪಲ್ಲ. ಆದರೆ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ವಿವರಣೆಯನ್ನು ಇಲ್ಲಿ ನೆನೆಯಬೇಕು. ಜನರ ನಡುವೆ ಅಳುಕುವವರು ತಮ್ಮ ಗಮನವನ್ನೆಲ್ಲ ಒಳಕ್ಕೆ ತಿರುಗಿಸಿ, ತಾವು ಹೊರಗಿನವರಿಗೆ ಹೇಗೆ ಕಾಣುತ್ತಿದ್ದೇವೆಂಬ ಚಿತ್ರವೊಂದನ್ನು ಮನಸ್ಸಿನಲ್ಲೇ ಬರೆದುಕೊಂಡು ಅದನ್ನೇ ನಿಜವೆಂದು ನಂಬುತ್ತಾರೆ. ಮರೆಯಾಗಲು ಮಾಡುವ ಉಪಾಯಗಳು ಆ ಚಿತ್ರವನ್ನು ಸುಳ್ಳೆಂದು ತಿಳಿಯುವ ಅವಕಾಶವನ್ನೇ ಕಸಿಯುತ್ತವೆ ಎಂಬುದು ಅವರ ಮಾತಿನ ಸಾರ. ಹೀಗಾಗಿ ಕೆಲವು ದಿನಗಳ ಬಳಿಕ ಒಂದೊಂದನ್ನೇ ಕಳಚಿ. ಬಿಸಿಲಿಗೆ ಟೋಪಿ ಬೇಕು, ಇರಲಿ. ರಸ್ತೆಯಲ್ಲಿ ಇಯರ್‌ಫೋನ್ ಮಾತ್ರ ಬೇಡವೇ ಬೇಡ, ಹಿಂದಿನಿಂದ ಬರುವ ವಾಹನದ ಸದ್ದು ಕೇಳಿಸದು.

ಅದರ ಬದಲು ಗಮನವನ್ನು ಹೊರಕ್ಕೆ ತಿರುಗಿಸುವ ಅಭ್ಯಾಸ ಮಾಡಿ. ಕೆರೆಯಲ್ಲಿ ಇಂದು ಎಷ್ಟು ನೀರುಕಾಗೆಗಳಿವೆ, ಯಾವ ಮರ ಹೂ ಬಿಟ್ಟಿದೆ, ಪಾದ ನೆಲಕ್ಕೆ ತಾಗುವ ಲಯ ಹೇಗಿದೆ ಎಂದು ನೋಡಿ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಉದ್ಯಾನಗಳಲ್ಲಿ ಟಬೆಬುಯಾ ಮರಗಳು ಅರಳಿ ನಿಂತಾಗ ನಡೆಯುವವರ ಕಣ್ಣುಗಳೆಲ್ಲ ಮೇಲಕ್ಕಿರುತ್ತವೆ. ಹೊಸಬರು ಆರಂಭಿಸಲು ಅದೊಂದು ಹದವಾದ ಕಾಲ.

ಪಾರ್ಕಿನ ಓಪನ್ ಜಿಮ್ ಉಪಕರಣಗಳನ್ನು ಬಳಸಲು ಗೊತ್ತಿಲ್ಲ, ಕೇಳಲು ನಾಚಿಕೆ.

ಕೇಳಿ. ದಿನವೂ ಬಳಸುವವರಿಗೆ ತೋರಿಸಿಕೊಡುವುದರಲ್ಲಿ ಸಂತೋಷವೇ ಇರುತ್ತದೆ. ಜಿಮ್‌ನಲ್ಲಾದರೆ ಮೊದಲ ದಿನ ಟ್ರೈನರ್‌ಗೆ “ನಾನು ಹೊಸಬ, ಎರಡೇ ಎರಡು ವ್ಯಾಯಾಮ ಹೇಳಿಕೊಡಿ” ಎಂದು ನೇರವಾಗಿ ಹೇಳಿ. ಜನ ಕಡಿಮೆ ಇರುವ ಹೊತ್ತು ಯಾವುದೆಂದೂ ವಿಚಾರಿಸಿ.

ಗುಂಪು ಸೇರುವುದು ಒಳ್ಳೆಯದೋ, ಒಬ್ಬರೇ ಹೋಗುವುದೋ?

ತೀರ ಅಳುಕಿರುವವರಿಗೆ ಒಬ್ಬ ಜೊತೆಗಾರ ಅಥವಾ ಜೊತೆಗಾರ್ತಿ ಸಾಕು; ಓರಗಿತ್ತಿಯರು, ಪಕ್ಕದ ಮನೆಯ ಗೆಳತಿಯರು ಇಬ್ಬಿಬ್ಬರಾಗಿ ನಡೆಯುವ ನಮ್ಮ ಪದ್ಧತಿ ಬಹಳ ಒಳ್ಳೆಯದು. ಗುಂಪಿನ ಬಲ ಎಂಥದೆಂಬುದಕ್ಕೆ ನಗೆಕೂಟಗಳೇ ಸಾಕ್ಷಿ. ವೈದ್ಯ ಮದನ್ ಕಟಾರಿಯಾ 1995ರ ಮಾರ್ಚ್ 13ರಂದು ಮುಂಬೈಯ ಒಂದು ಪಾರ್ಕಿನಲ್ಲಿ ಐದೇ ಜನರೊಂದಿಗೆ ಮೊದಲ ನಗೆಕೂಟವನ್ನು ಆರಂಭಿಸಿದರು. ಸಾರ್ವಜನಿಕ ಜಾಗದಲ್ಲಿ ಕಾರಣವಿಲ್ಲದೆ ಕೈಯೆತ್ತಿ ಗಹಗಹಿಸುವುದಕ್ಕಿಂತ ಮುಜುಗರದ ವ್ಯಾಯಾಮವನ್ನು ಊಹಿಸುವುದು ಕಷ್ಟ. ಆದರೂ ಅದು ದೇಶದೇಶಗಳಿಗೆ ಹರಡಿತು, ನಮ್ಮ ಪಾರ್ಕುಗಳಲ್ಲೂ ಬೇರೂರಿತು.

ಗುಂಪನ್ನು ಆರಿಸುವಾಗ ಒಂದನ್ನು ಮಾತ್ರ ಪರೀಕ್ಷಿಸಿ: ಅತ್ಯಂತ ನಿಧಾನದವರಿಗಾಗಿ ಅವರು ಕಾಯುತ್ತಾರೆಯೇ? ಕಾಯದ ಗುಂಪು ಹೊಸಬರಿಗಲ್ಲ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟದಂಥ ಕಾರ್ಯಕ್ರಮಗಳಲ್ಲಿ ಸಾವಿರಾರು ಜನ ನಡೆದುಕೊಂಡೇ ದೂರ ಮುಗಿಸುತ್ತಾರೆ. ಕೆಲವು ತಿಂಗಳ ಅಭ್ಯಾಸದ ಬಳಿಕ ಇಂಥ ಒಂದಕ್ಕೆ ಹೆಸರು ಕೊಡುವುದು ಒಳ್ಳೆಯ ಗುರಿ.

ಮನೆಯಲ್ಲೇ ಮಾಡಿದರೆ ಸಾಲದೇ? ಹೊರಗೆ ಹೋಗಲೇಬೇಕೇ?

ದೇಹದ ಮಟ್ಟಿಗೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಮತ್ತು ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಕೇಳುತ್ತದೆ, ಅದನ್ನು ಎಲ್ಲಿ ಮಾಡಬೇಕೆಂದು ಹೇಳುವುದಿಲ್ಲ. ಮನೆಯ ವ್ಯಾಯಾಮ ನಿಮ್ಮ ಆಯ್ಕೆಯಾಗಿದ್ದರೆ ಸಂತೋಷ. ಆದರೆ ಹೊರಗೆ ನಡೆಯುವ ಆಸೆಯಿದ್ದೂ ಜನರಿಗೆ ಹೆದರಿ ಮನೆಯಲ್ಲಿ ಉಳಿದಿದ್ದರೆ, ಆ ಹೆದರಿಕೆ ಮುಂದೆ ಈಜುಕೊಳ, ಪ್ರವಾಸ, ಮಕ್ಕಳ ಶಾಲೆಯ ಕ್ರೀಡಾದಿನ ಎಲ್ಲವನ್ನೂ ಕಿತ್ತುಕೊಳ್ಳುತ್ತಾ ಹೋಗಬಹುದು.

ಎಷ್ಟು ದಿನಕ್ಕೆ ಇದು ಸಹಜವಾಗುತ್ತದೆ?

ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಹಿಡಿದ ಕಾಲ ಸರಾಸರಿಯಾಗಿ 66 ದಿನ, ಆದರೆ ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಎಂಬ ಅಂದಾಜು. ಯಾವ ಅಭ್ಯಾಸಕ್ಕೂ ಇಪ್ಪತ್ತೊಂದು ದಿನ ಸಾಕೆಂಬ ಜನಪ್ರಿಯ ಮಾತನ್ನು ನಂಬಿ, ಇಪ್ಪತ್ತೆರಡನೆಯ ದಿನವೂ ಅಳುಕಿದೆಯೆಂದು ಕೈಚೆಲ್ಲಬೇಡಿ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲವೆಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು.

ಎಷ್ಟು ಯತ್ನಿಸಿದರೂ ಭಯ ಹೋಗದಿದ್ದರೆ?

ವ್ಯಾಯಾಮದ ಹೊತ್ತಿನಲ್ಲಿ ಮಾತ್ರವಲ್ಲದೆ ಅಂಗಡಿ, ಕಚೇರಿ, ಮದುವೆಮನೆ ಎಲ್ಲೆಡೆಯೂ ಜನರ ಭಯ ಕಾಡುತ್ತಿದ್ದರೆ, ಅಥವಾ ಕನ್ನಡಿ ನೋಡಲೂ ಊಟ ಮಾಡಲೂ ಸಂಕಟವಾಗುವಷ್ಟು ಮೈಯ ಚಿಂತೆ ಹಿಡಿದಿದ್ದರೆ, ಅದಕ್ಕೆ ಚಿಕಿತ್ಸೆಯಿದೆ ಮತ್ತು ಅದು ಫಲ ಕೊಡುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಾನು ಹಳಬ. ಹೊಸಬರು ಕಂಡಾಗ ನಾನು ಹೇಗೆ ನಡೆದುಕೊಳ್ಳಬೇಕು?

ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕೆಂದು ನನ್ನ ಆಸೆ, ಏಕೆಂದರೆ ಸಂಕೋಚದ ಹೊಣೆಯನ್ನೆಲ್ಲ ಸಂಕೋಚಪಡುವವರ ಮೇಲೇ ಹೊರಿಸುವುದು ನ್ಯಾಯವಲ್ಲ. ಎರಡು ಮೂರು ದಿನ ಕಂಡ ಮುಖಕ್ಕೆ ಒಂದು ನಮಸ್ಕಾರ ಸಾಕು. ಅವರ ಮೈಯ ಬಗ್ಗೆ ಹೊಗಳಿಕೆಯನ್ನೂ ಹೇಳಬೇಡಿ, ಕೇಳದೆ ಸಲಹೆಯನ್ನೂ ಕೊಡಬೇಡಿ. ಸಾಲಾಗಿ ನಾಲ್ವರು ನಡೆಯುತ್ತಾ ಇಡೀ ದಾರಿ ಹಿಡಿದಿದ್ದರೆ ಬದಿಗೆ ಸರಿದು ಜಾಗ ಬಿಡಿ. ಅಪಾಯ ಕಂಡಾಗ ಮಾತ್ರ ಈ ನಿಯಮ ಮೀರಿ: ಯಾರಾದರೂ ಎದೆ ಹಿಡಿದುಕೊಂಡು ಕುಳಿತರೆ, ತಣ್ಣನೆಯ ಬೆವರು ಸುರಿಯುತ್ತಿದ್ದರೆ ಅಥವಾ ಮಾತು ತೊದಲಿದರೆ, ಏನೂ ಇಲ್ಲವೆಂದು ಅವರು ನಾಚಿಕೆಯಿಂದ ಹೇಳಿದರೂ ಕೇಳದೆ ಕೂರಿಸಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಜೊತೆಯಲ್ಲಿರಿ.